ಕಂಬಳಿ ಹಾಸಿ ಗೆದ್ದ ಬೀದಿ

ಆದಿವಾಲದಿಂದ ಮೂಡಗಡೆಗೆ ಎರಡು ಮೈಲಿ ನಡೆದರೆ ಕರೇಕಲ್ಲಹಟ್ಟಿ. ಅಲ್ಲಿ ಈಗಲೂ ಇಬ್ಬರು ಹೆಂಗಸರು ನಲ್ಲಿ ಹತ್ತಿರ ಜಗಳಕ್ಕೆ ಬಿದ್ದರೆ ಮೂರನೆಯವಳು, "ಭಾರಿ ಮಾತಾಡ್ತೀಯಲ್ಲ, ನೀನೇನು ಕೋರ್ಟು ಕಾಳಕ್ಕನ?" ಅನ್ನುತ್ತಾಳೆ. ಕಾಳಕ್ಕ ಸತ್ತು ಎಷ್ಟೋ ವರ್ಷವಾಯಿತು. ಅವಳ ಮುಖ ಕಾಣದ ಸೊಸೆಯಂದಿರೂ ಹಂಗೇ ಅನ್ನುತ್ತಾರೆ. ಶಾಲೆಯ ಹೊಸ್ತಿಲು ತುಳಿಯದೆ, ಹೆಬ್ಬೆಟ್ಟು ಒತ್ತಿಯೇ ಬಾಳಿದ ಹೆಂಗಸಿಗೆ ಈ ಹೆಸರು ಯಾಕೆ ಬಂತು ಅಂದರೆ, ಅದಕ್ಕೆ ಅವಳ ಅರವತ್ತೆರಡು ಕುರಿಗಳೂ, ಅವುಗಳ ಮುಂದೆ ಗಡ್ಡ ಬಿಟ್ಟುಕೊಂಡು ನಡೆಯುತ್ತಿದ್ದ ಒಂದು ಹೋತವೂ ಕಾರಣ.

ಕಾಳಕ್ಕ ಕಪ್ಪಗೆ, ಎತ್ತರಕ್ಕೆ, ನೆಟ್ಟ ಕಂಬದ ಹಂಗೆ ಇದ್ದಳು. ಬಿಸಿಲಿರಲಿ ಚಳಿಯಿರಲಿ ಹೆಗಲ ಮೇಲೆ ಕರೀ ಕಂಬಳಿ ಇದ್ದೇ ಇರಬೇಕು. ಗುಡ್ಡದ ಮೇಲೆ ನಿಂತು ಅವಳು ಕುರಿಗಳನ್ನು ಕೂಗಿ ಕರೆದರೆ ಕೆಳಗೆ ಹಟ್ಟಿಯಲ್ಲಿ ಮಲಗಿದ ಕೂಸುಗಳು ಏಳುತ್ತಿದ್ದವು. ಗಂಡ ಸಣ್ಣಪ್ಪ ಅವಳಿಗೆ ತದ್ವಿರುದ್ಧ. ಅವನ ದನಿ ಹೆಂಗಿತ್ತು ಅಂತ ಹೇಳುವವರು ಊರಲ್ಲಿ ನಾಲ್ಕು ಜನ ಸಿಗಲಿಕ್ಕಿಲ್ಲ. "ನಮ್ಮನೆ ಪಾಲಿಗೆ ಬಂದ ಮಾತನ್ನೆಲ್ಲ ಇವಳೇ ಆಡಿ ಮುಗಿಸ್ತಾಳೆ. ನನಗೆ ಉಳಿಯಾದು ಹೂಂ ಅನ್ನೋದೊಂದೇ" ಅಂತ ಅವನೇ ಒಂದು ಸಲ ಅಂದಿದ್ದ. ಅದೇ ಅವನು ಆಡಿದ ಉದ್ದನೆ ಮಾತು.

ಕಾಳಕ್ಕನಿಗೆ ಗೊತ್ತುಮಾಡಿದ್ದ ಗಂಡು ಬೇರೆ. ಅವಳ ಸೋದರಮಾವನ ಮಗ ದೊಡ್ಡತಿಮ್ಮಪ್ಪ. ತೊಟ್ಟಿಲಲ್ಲಿದ್ದಾಗಲೇ ಇವನಿಗೆ ಇವಳು ಅಂತ ಹಿರಿಯರು ಎಲೆ ಅಡಿಕೆ ಬದಲಾಯಿಸಿಕೊಂಡಿದ್ದರು. ಅವನಿಗೆ ಹದಿನೆಂಟು ತುಂಬಿದಾಗ ಒಂದು ಟಗರು ಹಿಂದಿನಿಂದ ಬಂದು ಗುದ್ದಿ ಅವನನ್ನು ಕಳ್ಳಿ ಬೇಲಿಯೊಳಕ್ಕೆ ಎಸೆಯಿತು. ಮುಳ್ಳು ಕೀಳುವುದಕ್ಕೆ ಮೂರು ದಿನ ಹಿಡಿಯಿತು. ಆಮೇಲೆ ಅವನು ಕುರಿ ಬಂದರೆ ಸಾಕು, ಯಾರದ್ದಾದರೂ ಸರಿ, ಹತ್ತಿರದ ಜಗುಲಿ ಹತ್ತಿಬಿಡುತ್ತಿದ್ದ. "ಕುರಿಗೆ ಹೆದರೋ ಕುರುಬನ್ನ ಕಟ್ಕಂಡು, ಕುರಿ ಜೊತೆಗೆ ಅವನ್ನೂ ನಾನೇ ಮೇಯಿಸ್ಲಾ?" ಅಂದವಳೇ ಕಾಳಕ್ಕ ಸಣ್ಣಪ್ಪನಿಗೆ ತಾಳಿ ಕಟ್ಟು ಅಂದಳು.

ದೊಡ್ಡತಿಮ್ಮಪ್ಪ ಅಪ್ಪ ಸತ್ತ ವರ್ಷವೇ ಮಂದೆ ಮಾರಿದ. ರಸ್ತೆ ರಿಪೇರಿ ಕಂಟ್ರಾಕ್ಟು ಹಿಡಿದ. ಟೆರಿಲಿನ್ ಅಂಗಿ ಹಾಕಿದ. ಎಪ್ಪತ್ತೆಂಟನೇ ಇಸವಿಯಲ್ಲಿ ಪಂಚಾಯ್ತಿ ಚುನಾವಣೆ ಬಂತು, ನಿಂತು ಗೆದ್ದು ಛೇರ್ಮನ್ನನಾದ. ಊರಿಗೆ ಇರುವುದು ಒಂದೇ ಬೀದಿ, ಅದರ ನಟ್ಟನಡುವೆ ಆರ್‌ಸಿಸಿ ಮನೆ ಕಟ್ಟಿಸಿ, ಮುಂದಕ್ಕೆ ಕೆಂಪು ಗಾರೆಯ ಜಗುಲಿ ಮಾಡಿಸಿದ. ಆ ಗಾರೆ ಎಷ್ಟು ನುಣುಪು ಅಂದರೆ ಅವನ ಹೆಂಡತಿ ನಾಗಕ್ಕ ಅದರಲ್ಲೇ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳುತ್ತಿದ್ದಳು ಅಂತ ಊರವರು ಆಡಿಕೊಂಡರು.

ಕಾಳಕ್ಕನ ಕುರಿರೊಪ್ಪ ಇದ್ದದ್ದು ಬೀದಿಯ ಪಡುವಣ ತುದಿಯಲ್ಲಿ. ಮೇಯುವ ಗುಡ್ಡ, ಕುಡಿಯುವ ಹಳ್ಳ ಮೂಡಣ ತುದಿಯಲ್ಲಿ. ನಡುವೆ ಈ ಬೀದಿ. ಅವಳ ಅತ್ತೆ, ಅತ್ತೆಯ ಅತ್ತೆ, ಎಲ್ಲರೂ ಬೆಳಗ್ಗೆ ಕುರಿ ಹೊಡೆದುಕೊಂಡು ಹೋಗಿ ಸಂಜೆ ಹೊಡೆದುಕೊಂಡು ಬಂದದ್ದು ಇದೇ ಬೀದಿಯಲ್ಲಿ.

ಆ ವರ್ಷ ದೊಡ್ಡತಿಮ್ಮಪ್ಪನ ಮಗಳನ್ನು ನೋಡಲು ದುರ್ಗದಿಂದ ಬೀಗರಾಗುವವರು ಬಂದರು. ಹುಡುಗನ ತಂದೆ ರಿಟೈರಾದ ಹೆಡ್‌ಮೇಷ್ಟ್ರು, ಚಂದ್ರವಳ್ಳಿ ಕಡೆ ಮನೆ. ಬಿಳೀ ಕಚ್ಚೆ, ಕರೀ ಕೋಟು, ಹೊಸ ಬೂಟು. ಅವರು ಬರುವ ಅರ್ಧ ಗಂಟೆ ಮುಂಚೆ ಕಾಳಕ್ಕನ ಕುರಿಗಳು ಬೀದಿ ದಾಟಿದ್ದವು. ಎರಡು ಮರಿಗಳು ಜಗುಲಿ ಹತ್ತಿ, ಆಡಿ, ತಮ್ಮ ಕಾಣಿಕೆ ಒಪ್ಪಿಸಿ ಇಳಿದಿದ್ದವು. ಕುರಿ ಹಿಕ್ಕೆ ಅಂದರೆ ದುಂಡಗೆ, ಕಡಲೆ ಕಾಳಿನಷ್ಟು. ಕೆಂಪು ಗಾರೆ ಅಂದರೆ ಕನ್ನಡಿ. ಮೇಷ್ಟ್ರು ಜಗುಲಿ ಮೇಲೆ ಬೂಟುಗಾಲಿಟ್ಟರು, ಕಾಲು ಮುಂದಕ್ಕೆ ಹೋಯಿತು, ಮೇಷ್ಟ್ರು ಹಿಂದಕ್ಕೆ ಉಳಿದರು. ಸಂಬಂಧ ಅಲ್ಲಿಗೇ ಮುರಿಯಿತು. ಕಾಫಿಯನ್ನೂ ಕುಡಿಯದೆ ಹೋದರು.

ಮುಂದಿನ ವಾರ ಪಂಚಾಯ್ತಿ ಕಛೇರಿ ಗೋಡೆಗೆ ನೋಟೀಸು ಅಂಟಿಸಿದರು. ಮುಖ್ಯಬೀದಿಯಲ್ಲಿ ಯಾರೂ ಯಾವ ಹೊತ್ತಿನಲ್ಲೂ ಕುರಿ ಮೇಕೆ ಹೊಡೆಯಕೂಡದು. ಹೊಡೆದರೆ ದೊಡ್ಡಿಗೆ ಹಾಕಲಾಗುವುದು. ಹಳ್ಳಕ್ಕೆ ಹೋಗಲು ಗುಡ್ಡದ ಹಿಂದೆ ಎರಡು ಫರ್ಲಾಂಗಿನ ಬೇರೆ ದಾರಿ ಇರುತ್ತದೆ. ದನ, ಎಮ್ಮೆ, ಕತ್ತೆ, ನಾಯಿ ಬಗ್ಗೆ ನೋಟೀಸಿನಲ್ಲಿ ಚಕಾರವಿಲ್ಲ. ಛೇರ್ಮನ್ನರ ಮನೆಯಲ್ಲಿ ಎರಡು ಎಮ್ಮೆ ಇದ್ದವು.

ಆ ಬೇರೆ ದಾರಿ ಎಂಥದ್ದು ಅಂತ ಕಾಳಕ್ಕನಿಗೆ ಗೊತ್ತಿತ್ತು. ಅದು ದಾರಿಯೇ ಅಲ್ಲ, ಬಂಡೆಯ ಸಂದು. ಒಂದು ವಾರ ಅದರಲ್ಲೇ ಹೊಡೆದು ನೋಡಿದಳು. ಗಬ್ಬದ ಕುರಿಗಳು ಬಂಡೆ ಹತ್ತಲಾರದೆ ಒರಗಿದವು. ಎರಡು ಕುರಿ ತಿಂಗಳು ತುಂಬದೆ ಕಂದು ಹಾಕಿದವು. ಸಣ್ಣಪ್ಪ ಆ ಸಂಜೆ ರೊಪ್ಪದ ಬಾಗಿಲಲ್ಲಿ ಕುಂತು ಬಾಯಿ ಬಿಟ್ಟ.

"ಮಾರಿ ಬಿಡಾಣ ಕಣೆ. ಬಬ್ಬೂರು ಫಾರಂನಾಗೆ ಕೂಲಿಗೆ ಹೋಗಾಣ."

"ಕುರಿ ಮಾರಿದ ಮ್ಯಾಲೆ ನಾನು ಯಾರು?"

"ಕಾಳಕ್ಕ."

"ಕುರಿ ಇಲ್ದಿರೋ ಕಾಳಕ್ಕನ್ನ ಯಾರು ಮಾತಾಡಿಸ್ತಾರೆ? ಹೋಗತ್ಲಾಗೆ."

ಮಾರನೇ ದಿನ ಬೆಳಗ್ಗೆ ಅರವತ್ತೆರಡನ್ನೂ ಬೀದಿಗೇ ಬಿಟ್ಟಳು. ಪಂಚಾಯ್ತಿ ಜವಾನ ಬೀರಪ್ಪ ಕೋಲು ಹಿಡಿದು ಅಡ್ಡ ನಿಂತ. ಅವನೂ ಅದೇ ಹಟ್ಟಿಯವನು. "ಅಕ್ಕಾ, ನನ್ನ ಹೊಟ್ಟೆ ಮ್ಯಾಲೆ ಹೊಡೀಬ್ಯಾಡ, ನೀನೇ ದೊಡ್ಡಿಗೆ ಹೊಡಿ, ನಾನು ಹೊಡ್ದೆ ಅಂತ ಬರಕಂತೀನಿ" ಅಂದ. ಕಾಳಕ್ಕನಿಗೆ ಅವನ ಮೇಲೆ ಮರುಕ ಬಂದು ತಾನೇ ತನ್ನ ಕುರಿಗಳನ್ನು ದೊಡ್ಡಿಗೆ ತುಂಬಿದಳು. ಆ ದೊಡ್ಡಿ ನಾಲ್ಕು ಎಮ್ಮೆಗೆ ಕಟ್ಟಿದ್ದು. ಅರವತ್ತೆರಡು ಕುರಿ ಒಂದರ ಮೇಲೊಂದು ನಿಂತವು. ಹೋತಕ್ಕೆ ಜಾಗ ಸಾಲದೆ ಗೋಡೆ ಹತ್ತಿ, ಆಚೆ ಪಂಚಾಯ್ತಿ ಕಛೇರಿಗೆ ಹಾರಿ, ಗೋಡೆಗೆ ಅಂಟಿಸಿದ್ದ ನೋಟೀಸನ್ನು ಮೇಲಿನಿಂದ ಕೆಳಗಿನವರೆಗೆ, ಛೇರ್ಮನ್ನರ ರುಜು ಸಮೇತ, ತಿಂದು ಮುಗಿಸಿತು. ಮೈದಾ ಗೋಂದು ಹಚ್ಚಿದ್ದರು, ಅದಕ್ಕೆ ಅಷ್ಟು ರುಚಿ.

"ಸರ್ಕಾರದ ಕಾಗದ ತಿಂತಲ್ಲೇ!" ಅಂತ ದೊಡ್ಡತಿಮ್ಮಪ್ಪ ಜಗುಲಿ ಮೇಲಿಂದಲೇ ಕೂಗಿದ. ಕೆಳಗೆ ಹೋತ ಇತ್ತು, ಇಳಿಯಲಿಲ್ಲ.

"ಅದಕ್ಕೆ ಓದಾಕೆ ಬರಲ್ಲ ಬಾವ, ನನ್ನಂಗೇ" ಅಂದಳು ಕಾಳಕ್ಕ.

ಅವತ್ತೇ ದಂಡ ಕಟ್ಟಿ ದೊಡ್ಡಿ ಬಿಡಿಸಿಕೊಂಡು, ಕುರಿ ಗಂಡನಿಗೆ ಒಪ್ಪಿಸಿ, ಹಿರಿಯೂರಿಗೆ ನಡೆದಳು. ಸೈಕಲ್ ಶಾಪಿನ ಮೇಲೆ ಓಬಯ್ಯ ಅಂತ ಹೊಸದಾಗಿ ವಕೀಲಿ ಮಾಡಿದ ಹುಡುಗನ ಕೋಣೆ ಇತ್ತು. ಅವನ ಕೋಟು ಇನ್ನೂ ಅಂಗಡಿಯ ಮಡಿಕೆಯಲ್ಲೇ ಇತ್ತು, ಕೇಸು ಒಂದೂ ಇರಲಿಲ್ಲ. ಕಾಳಕ್ಕ ಹೇಳಿದ್ದನ್ನೆಲ್ಲ ಕೇಳಿ ಅವನ ಮುಖ ಅರಳಿತು. ಕಪಾಟಿನಿಂದ ಒಂದು ಪುಸ್ತಕ ತೆಗೆದ.

"ಅಕ್ಕಾ, ಇದು ನಮ್ಮ ಸಂವಿಧಾನ. ಇದ್ರಾಗೆ ಬರೆದೈತೆ, ಪ್ರಜೆಗಳು ಅಂದೋರೆಲ್ಲ ಇಂಡಿಯಾ ದೇಶದ ಯಾವ ಮೂಲೆಗೆ ಬೇಕಾದ್ರೂ ಓಡಾಡಬಹುದು, ತಡೆಯಂಗಿಲ್ಲ."

"ಕಾಶಿಗೂ?"

"ಕಾಶಿಗೂ, ಕಾಶ್ಮೀರಕ್ಕೂ."

"ಕಾಶ್ಮೀರಕ್ಕೆ ಹೋಗಬಹುದು, ನಮ್ಮೂರ ಬೀದ್ಯಾಗೆ ಹೋಗಂಗಿಲ್ವ? ಕರೇಕಲ್ಲಹಟ್ಟಿ ಇಂಡಿಯಾದಾಗೆ ಇಲ್ವೇನಪ್ಪ?"

"ಐತೆ ಅಕ್ಕ."

"ಯಾರು ಬರೆದಿದ್ದು ಇದು?"

"ದೆಹಲೀಲಿ ದೊಡ್ಡದೊಡ್ಡೋರು ಕುಂತು, ಮೂರು ವರ್ಷ ಚರ್ಚೆ ಮಾಡಿ ಬರೆದ್ರು."

"ಅವರ್ಯಾರೂ ನಮ್ಮೂರು ನೋಡಿಲ್ಲ ಅಲ್ವ? ನೋಡ್ದೇನೆ ಎಷ್ಟು ಸರಿಯಾಗಿ ಬರೆದವ್ರೆ!"

ಓಬಯ್ಯ ಪುಸ್ತಕ ಮುಚ್ಚಲಿಲ್ಲ. ಗಂಟಲು ಸರಿಮಾಡಿಕೊಂಡ. "ಆದ್ರೆ ಅಕ್ಕಾ, ಕೆಳಗೆ ಇನ್ನೊಂದು ಮಾತು ಐತೆ. ಹತ್ತು ಜನಕ್ಕೆ ಒಳ್ಳೇದಾಗಾದಾದ್ರೆ ಸರ್ಕಾರ ಕಟ್ಟುಪಾಡು ಹಾಕಬಹುದು. ಆ ಕಟ್ಟುಪಾಡು ನ್ಯಾಯವಾಗಿರ್ಬೇಕು, ಅತಿಯಾಗಬಾರದು ಅಷ್ಟೆ."

"ಅತಿಯಾಯ್ತೋ ಇಲ್ವೋ ಅಂತ ಹೇಳೋರ್ಯಾರು? ಪುಸ್ತಕದಾಗೆ ಐತಾ?"

"ಇಲ್ಲ. ಅದನ್ನ ಕೋರ್ಟು ಹೇಳಬೇಕು. ಒಂದೊಂದು ಕೇಸಿನಾಗೆ ಒಂದೊಂದು ಥರ ಹೇಳ್ತಾರೆ."

"ಹಂಗಂದ್ರೆ ಪುಸ್ತಕದಾಗೆ ಬರೆದಿರಾದು ಅರ್ಧ. ಇನ್ನರ್ಧ ನಮ್ಮಂಥೋರು ಹೋಗಿ ಬಾಯಿ ಬಡಕಂಡ ಮ್ಯಾಲೆ ಬರೀತಾರೆ ಅನ್ನು."

ಓಬಯ್ಯ ಮೂರು ವರ್ಷ ಲಾ ಕಾಲೇಜಿನಲ್ಲಿ ಓದಿದ್ದ. ಇಷ್ಟು ಚಿಕ್ಕದಾಗಿ ಯಾವ ಮೇಷ್ಟರೂ ಅವನಿಗೆ ಹೇಳಿರಲಿಲ್ಲ. "ನಿಮ್ಮ ಪುಣ್ಯ ಅಕ್ಕಾ. ಎರಡು ವರ್ಷದ ಹಿಂದೆ ಎಮರ್ಜೆನ್ಸಿನಾಗೆ ಬಂದಿದ್ರೆ ಈ ಹಕ್ಕಿಗೆ ಬೀಗ ಹಾಕಿಟ್ಟಿದ್ರು. ಈಗ ತೆಗೆದವ್ರೆ" ಅಂದ.

"ಹಂಗಾದ್ರೆ ತಡ ಮಾಡಬ್ಯಾಡ. ಮತ್ತೆ ಹಾಕಿಬಿಟ್ಟಾರು" ಅಂತ ಕಾಳಕ್ಕ ಹೆಬ್ಬೆಟ್ಟು ಮುಂದೆ ಮಾಡಿದಳು.

ಹಿರಿಯೂರು ಮುನ್ಸೀಫ್ ಕೋರ್ಟಿನಲ್ಲಿ ದಾವಾ ಬಿತ್ತು. ಬೀದಿ ಎಲ್ಲರದ್ದು, ತಾನು ತನ್ನ ಕುರಿಗಳ ಜೊತೆ ಅದರಲ್ಲಿ ಓಡಾಡುವುದನ್ನು ಪಂಚಾಯ್ತಿ ತಡೆಯಬಾರದು ಅಂತ. ಪಂಚಾಯ್ತಿ ಕಡೆಗೆ ದುರ್ಗದಿಂದ ಒಬ್ಬ ಹಿರೀ ವಕೀಲರನ್ನು ಕರೆಸಿದರು. ಏಳು ತಿಂಗಳು ಬರೀ ವಾಯಿದೆ. ಅಷ್ಟೂ ದಿನ ಕುರಿಗಳು ಬಂಡೆ ಸಂದಿನಲ್ಲೇ ಹೋಗಬೇಕಾಯಿತು. ಇನ್ನೂ ಮೂರು ಕುರಿ ಕಾಲು ಮುರಿದುಕೊಂಡವು. ಈ ಕೇಸು ಹೋದರೆ ರೊಪ್ಪ ಖಾಲಿ ಅಂತ ಕಾಳಕ್ಕನಿಗೆ ಗೊತ್ತಿತ್ತು. ಸಣ್ಣಪ್ಪ ಕುರಿ ವ್ಯಾಪಾರಿಗೆ ಮಾತು ಕೊಟ್ಟೂ ಆಗಿತ್ತು. "ಗೆದ್ರೆ ಕೊಡಲ್ಲ, ಸೋತ್ರೆ ಅಷ್ಟೂ ಹೊಡ್ಕಂಡು ಹೋಗು" ಅಂದಿದ್ದ.

ಪ್ರತಿ ವಾಯಿದೆಗೂ ಕಾಳಕ್ಕ ಕಂಬಳಿ ಹೊದ್ದು ಹೋಗಿ ಕೋರ್ಟಿನ ಹಿಂದಿನ ಗೋಡೆಗೆ ಒರಗಿ ಕೂರುತ್ತಿದ್ದಳು. ಬೇರೆಯವರ ಕೇಸನ್ನೆಲ್ಲ ಕೇಳಿದಳು. ಬೆಂಚ್ ಗುಮಾಸ್ತರು ಯಾವಾಗ ಸೀನುತ್ತಾರೆ ಅನ್ನುವುದರಿಂದ ಹಿಡಿದು ಸುಳ್ಳು ಸಾಕ್ಷಿ ಹೇಳುವವರು ಯಾವ ಕಾಲು ಅಲ್ಲಾಡಿಸುತ್ತಾರೆ ಅನ್ನುವವರೆಗೆ ಅವಳಿಗೆ ತಿಳಿದುಹೋಯಿತು. ಊರಿಗೆ ಬಂದು ರೊಪ್ಪದ ಹತ್ತಿರ ಹೆಂಗಸರಿಗೆ ಹೇಳುವಳು: "ಅಲ್ಲಿ ಎಲ್ರೂ ನಿಂತ್ಕಂಡು ಆಣೆ ಮಾಡ್ತಾರೆ ಕಣ್ರೇ. ನಿಂತ್ಕಂಡು ಮಾಡಿದ ಆಣೆ ನೆಲಕ್ಕೆ ಹತ್ತುತ್ತಾ? ಅದಕ್ಕೇ ಅಷ್ಟೊಂದು ಸುಳ್ಳು."

ಹಟ್ಟಿಯಲ್ಲಿ ನ್ಯಾಯಕ್ಕೆ ಕೂತರೆ ಕರೀ ಕಂಬಳಿ ಹಾಸುವುದು ವಾಡಿಕೆ. ಹೇಳುವವನು ಅದರ ಮೇಲೆ ಚಕ್ಕಂಬಕ್ಕಳ ಹಾಕಿ ಕುಂತು ಹೇಳಬೇಕು. ಕಂಬಳಿ ಮೇಲೆ ಕುಂತು ಸುಳ್ಳು ಆಡಿದರೆ ಮಂದೆ ಅಳಿಯುತ್ತೆ, ಮನೆ ದೀಪ ಆರುತ್ತೆ. ಹೆಂಡ ಕುಡಿದು ಹೆಂಡತಿಗೆ ಹೊಡೆದವನೂ, ಬೇರೆಯವರ ಕುರಿ ಕಿವಿ ಕೊಯ್ದು ತನ್ನದು ಅಂದವನೂ ಕಂಬಳಿ ಮುಟ್ಟಿದ ಕೂಡಲೇ ಬಾಯಿ ಬಿಡುತ್ತಿದ್ದರು.

ಕಾಳಕ್ಕನ ಸಾಕ್ಷಿಯ ದಿನ ಬಂತು. ಕರೇಕಲ್ಲಹಟ್ಟಿಯ ಅರ್ಧ ಊರು ಬಸ್ಸು ಹತ್ತಿ ಬಂದು ಕೋರ್ಟಿನಲ್ಲಿ ತುಂಬಿತ್ತು. ಮುಂದಿನ ಬೆಂಚಿನಲ್ಲಿ ದೊಡ್ಡತಿಮ್ಮಪ್ಪ, ಪಕ್ಕದಲ್ಲಿ ಜರತಾರಿ ಸೀರೆ ಉಟ್ಟು ನಾಗಕ್ಕ. ಗುಮಾಸ್ತರು ಕಾಳಕ್ಕನನ್ನು ಕಟಕಟೆಗೆ ಕರೆದು, "ದೇವರ ಮೇಲೆ ಪ್ರಮಾಣ ಮಾಡಿ ಹೇಳಿ" ಅಂದರು.

"ಇಲ್ಲಿ ನಿಂತ್ಕಂಡು ಹೇಳಾಕೆ ನನ್ನ ಕೈಲಿ ಆಗಲ್ಲ ಸ್ವಾಮಿ" ಅಂದಳು ಕಾಳಕ್ಕ ನ್ಯಾಯಾಧೀಶರ ಕಡೆ ನೋಡಿ. "ಕಂಬಳಿ ಹಾಸಿ ಕುಂತ್ಕಂತೀನಿ. ಆಗ ನನ್ನ ಬಾಯಾಗೆ ಸುಳ್ಳು ಬರಲ್ಲ. ನಿಂತ್ರೆ ಬಂದ್ರೂ ಬರಬಹುದು, ನಾನೂ ಮನುಷ್ಯಳೇ."

ದುರ್ಗದ ವಕೀಲರು ಥಟ್ಟನೆ ಎದ್ದರು. "ಇದು ಕೋರ್ಟು, ಕುರಿ ಸಂತೆ ಅಲ್ಲ. ಆಕ್ಷೇಪಣೆ ಇದೆ."

ನ್ಯಾಯಾಧೀಶರು ಸಣ್ಣ ವಯಸ್ಸಿನವರು, ಮೀಸೆ ತೆಳ್ಳಗೆ. ಅವರು ಒಂದು ಪುಸ್ತಕ ಎಳೆದುಕೊಂಡು ಹಾಳೆ ತಿರುವಿದರು. ಸಾಕ್ಷಿದಾರರು ತಮ್ಮ ಜನ ಕಟ್ಟುಬೀಳುವ ರೀತಿಯಲ್ಲಿ ಪ್ರಮಾಣ ಮಾಡುತ್ತೇವೆ ಅಂದರೆ, ಅದರಲ್ಲಿ ಅಸಭ್ಯ ಏನೂ ಇಲ್ಲದಿದ್ದರೆ, ಕೋರ್ಟು ಒಪ್ಪಬಹುದು ಅಂತ ಕಾನೂನೇ ಇದೆ ಅಂತ ಹೇಳಿದರು. ಕಂಬಳಿಯನ್ನೊಮ್ಮೆ ನೋಡಿದರು. "ಇದರಲ್ಲಿ ಅಸಭ್ಯ ಏನೂ ಕಾಣಿಸ್ತಿಲ್ಲ. ಹಾಸಮ್ಮ."

ಕಟಕಟೆಯೊಳಗೆ ಕಂಬಳಿ ಹಿಡಿಸಲಿಲ್ಲ. ಗುಮಾಸ್ತರ ಮೇಜನ್ನು ಇಬ್ಬರು ಜವಾನರು ಪಕ್ಕಕ್ಕೆ ತಳ್ಳಿದರು. ಕಂಬಳಿಯಿಂದ ಎರಡು ಉಣ್ಣೆ ಎಳೆ, ಒಂದಿಷ್ಟು ಹಳ್ಳದ ಮರಳು, ಒಂದು ಒಣ ಹಿಕ್ಕೆ ಉದುರಿದವು. ಕಾಳಕ್ಕ ಚಕ್ಕಂಬಕ್ಕಳ ಹಾಕಿ ಕುಂತಳು. ಕುಂತವಳು, "ಸ್ವಾಮಿ, ಒಂದು ಮಾತು. ನಮ್ಮ ಬಾವ ಸಾಕ್ಷಿ ಹೇಳುವಾಗ್ಲೂ ಇದೇ ಕಂಬಳಿ ಮ್ಯಾಲೆ ಕುಂತ್ಕಬೇಕು. ಅವನೂ ನಮ್ಮೋನೇ" ಅಂದಳು.

"ನೀವು ಒಪ್ಪುತ್ತೀರಾ?" ಅಂತ ನ್ಯಾಯಾಧೀಶರು ದೊಡ್ಡತಿಮ್ಮಪ್ಪನನ್ನು ಕೇಳಿದರು.

ದೊಡ್ಡತಿಮ್ಮಪ್ಪ ಹಿಂದೆ ತಿರುಗಿ ನೋಡಿದ. ಅರ್ಧ ಊರು ಅವನನ್ನೇ ನೋಡುತ್ತಿತ್ತು. ಕಂಬಳಿ ಬೇಡ ಅಂದರೆ ಮುಂದಿನ ಚುನಾವಣೆಗೆ ಅವನಿಗೆ ಓಟು ಹಾಕಲು ಅವನ ಎಮ್ಮೆಗಳೇ ಗತಿ. "ಒಪ್ಪಿದೆ" ಅಂದ, ಗಂಟಲಲ್ಲೇ.

ದುರ್ಗದ ವಕೀಲರು ಕಾಳಕ್ಕನನ್ನು ಕೇಳಲು ಶುರು ಮಾಡಿದರು.

"ನಿನ್ನ ಕುರಿಗಳು ಬೀದಿಯಲ್ಲಿ ಹಿಕ್ಕೆ ಹಾಕುತ್ತವೆಯೋ?"

"ಹಾಕ್ತವೆ ಸ್ವಾಮಿ. ತಿಂದ ಮ್ಯಾಲೆ ಹಾಕ್ಲೇಬೇಕಲ್ಲ."

"ಛೇರ್ಮನ್ನರ ಜಗುಲಿ ಮೇಲೂ ಹಾಕಿದವೋ?"

"ಎರಡು ಮರಿ ಹಾಕಿದವು. ಒಂದು ಕೆಂದ, ಒಂದು ಬಿಳೀದು."

"ಅವರು ನೆಟ್ಟ ಕ್ರೋಟನ್ ಗಿಡ ತಿಂದವೋ?"

"ತಿಂದು ಉಗುಳಿದವು. ಕಹಿ."

"ಪಂಚಾಯ್ತಿ ನೋಟೀಸು ನಿನ್ನ ಹೋತ ತಿಂದಿದ್ದು ನಿಜವೋ?"

"ಪೂರಾ ನಿಜ. ಅದನ್ನ ಉಗುಳಲಿಲ್ಲ."

ಕೋರ್ಟು ನಕ್ಕಿತು. ಓಬಯ್ಯ ಮಾತ್ರ ನಗಲಿಲ್ಲ. ಅವನು ಕೋಟಿನ ತೋಳಿನಿಂದ ಹಣೆ ಒರೆಸಿಕೊಂಡು, 'ಅಕ್ಕಾ, ನೀನು ಅವರ ಸಾಕ್ಷಿಯೋ ನಮ್ಮ ಸಾಕ್ಷಿಯೋ' ಅನ್ನುವ ಹಂಗೆ ನೋಡಿದ. ಕಾಳಕ್ಕನೂ ಅವನನ್ನು ನೋಡಿದಳು. ಏನು ಮಾಡುವುದು, ಕಂಬಳಿ ಮೇಲೆ ಕುಂತಾಗಿತ್ತು.

ದುರ್ಗದ ವಕೀಲರಿಗೆ ಹುರುಪು ಬಂತು. "ಸ್ವಾಮಿ, ವಾದಿಯ ವಕೀಲರು ಸಂವಿಧಾನ ಹಿಡಿದು ಬಂದಿದ್ದಾರೆ. ದೇಶದಲ್ಲಿ ಓಡಾಡುವ ಹಕ್ಕು ಅಂತಾರೆ. ಹಕ್ಕು ಯಾರಿಗೆ? ಪ್ರಜೆಗೆ. ಈಕೆ ಒಬ್ಬಳೇ ಬೀದಿಯಲ್ಲಿ ದಿನಕ್ಕೆ ನೂರು ಸಲ ಓಡಾಡಲಿ, ಯಾರು ಬೇಡ ಅಂದರು? ಪಂಚಾಯ್ತಿ ತಡೆದಿರುವುದು ಕುರಿಯನ್ನು. ಕುರಿ ಪ್ರಜೆಯೋ? ಕುರಿಗೆ ಓಟು ಇದೆಯೋ?"

ಜನ ಮತ್ತೆ ನಕ್ಕರು. ಆದರೆ ಓಬಯ್ಯನ ಮುಖ ಕಪ್ಪಿಟ್ಟಿತು. ಇದಕ್ಕೆ ಉತ್ತರ ಹುಡುಕುತ್ತಾ ಪುಸ್ತಕದ ಹಾಳೆ ತಿರುವತೊಡಗಿದ.

ನ್ಯಾಯಾಧೀಶರು ಕಾಳಕ್ಕನ ಕಡೆ ಬಗ್ಗಿದರು. "ಏನಮ್ಮ, ಅವರು ಕೇಳೋದು ಅರ್ಥವಾಯಿತಾ? ಏನು ಹೇಳ್ತೀ?"

"ಆಯ್ತು ಸ್ವಾಮಿ." ಕಾಳಕ್ಕ ವಕೀಲರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ವಕೀಲಪ್ಪನೋರೇ, ನಿಮ್ಮ ಕರೀ ಕೋಟು ಪ್ರಜೆನಾ? ಅದಕ್ಕೆ ಓಟು ಐತಾ?"

"ಏನು ಮಾತು ಅಂತ ಆಡ್ತೀಯ!"

"ತಪ್ಪು ತಿಳೀಬ್ಯಾಡ್ರಿ. ಆ ಬಾಗ್ಲಾಗೆ ಜವಾನ ನಿಂತವ್ನಲ್ಲ, ಅವನು ನಾಳೆ ಅಡ್ಡ ಹಾಕಿ, 'ನೀವು ಬರ್ರಿ ಸ್ವಾಮಿ, ನಿಮ್ಮನ್ನ ಯಾರು ಬ್ಯಾಡ ಅಂದ್ರು, ಕೋಟು ಮಾತ್ರ ಹೊರಗೆ ಬಿಚ್ಚಿಟ್ಟು ಬರ್ರಿ' ಅಂದ್ರೆ, ಬಂದು ಏನು ಮಾಡ್ತೀರಿ? ಗೋಡೆಗೆ ಒರಗಿ ನನ್ನ ಪಕ್ಕ ಕುಂತ್ಕಬೇಕು. ಒಳಗೆ ಬಂದಿದ್ದು ಹೌದು, ವಕೀಲರು ಬಂದಂಗಾಗಲ್ಲ. ಕುರಿ ಬಿಟ್ಟು ಬೀದ್ಯಾಗೆ ನಡೆದ್ರೆ ನಾನೂ ಹಂಗೇ. ನಡೆದಿದ್ದು ಹೌದು, ಕುರುಬ್ರಾಕಿ ನಡೆದಂಗಾಗಲ್ಲ."

ಈ ಸಲ ಯಾರೂ ನಗಲಿಲ್ಲ. ಓಬಯ್ಯ ಇದ್ದಕ್ಕಿದ್ದಂತೆ ಕುರ್ಚಿ ಹಿಂದಕ್ಕೆ ಬೀಳುವ ಹಂಗೆ ಎದ್ದ. "ಸ್ವಾಮಿ! ಕಸುಬು ಮಾಡೋ ಹಕ್ಕು! ಅದೂ ಇದೇ ಪುಟದಲ್ಲಿದೆ! ದಾರಿ ಮುಚ್ಚಿದರೆ ಕಸುಬು ಮುಚ್ಚಿದ ಹಾಗೆ!"

"ಕೂಗಬೇಡಿ, ನನಗೂ ಓದಲು ಬರುತ್ತೆ" ಅಂದರು ನ್ಯಾಯಾಧೀಶರು. ಬರೆದುಕೊಳ್ಳತೊಡಗಿದರು, ಬಹಳ ಹೊತ್ತು ಬರೆದರು.

ಊಟದ ಬಿಡುವಾದ ಮೇಲೆ ದೊಡ್ಡತಿಮ್ಮಪ್ಪನ ಸರದಿ. ಅವನು ಕಂಬಳಿಯ ಹತ್ತಿರ ಬಂದು ನಿಂತ. ಮಂಡಿ ನೋವು, ನೆಲದ ಮೇಲೆ ಕೂರಲಾರೆ ಅಂದ. "ಕಳೆದ ವಾರ ಬೀಗರ ಊಟದಾಗೆ ಪಂಕ್ತೀಲಿ ಕುಂತು ಮೂರು ಸಲ ಪಾಯಸ ಹಾಕಿಸ್ಕಂಡ್ಯಲ್ಲೋ!" ಅಂತ ಹಿಂದಿನಿಂದ ಯಾರೋ ಅಂದರು. ಗುಮಾಸ್ತರು ಸದ್ದು ಸದ್ದು ಅಂದರು. ದೊಡ್ಡತಿಮ್ಮಪ್ಪ ನಿಧಾನಕ್ಕೆ ಇಳಿದ. ಇಳಿದು, ಒಂದು ಕುಂಡೆ ಕಂಬಳಿ ಮೇಲೆ, ಒಂದು ಕುಂಡೆ ಸಿಮೆಂಟಿನ ಮೇಲೆ ಇಟ್ಟು, ಕೈಯೂರಿ ಕುಂತ. ಅರ್ಧ ಮಾತು ಸಿಮೆಂಟಿನ ಕಡೆಯಿಂದ ಹೇಳಬಹುದು ಅಂತ ಅವನ ಲೆಕ್ಕ.

"ಸ್ವಾಮಿ, ಬಾವ ಪೂರ್ತಿ ಕುಂತಿಲ್ಲ" ಅಂದಳು ಕಾಳಕ್ಕ ಗೋಡೆ ಪಕ್ಕದಿಂದ.

ನ್ಯಾಯಾಧೀಶರು ಮೇಜಿನ ಮೇಲಿಂದ ಇಣುಕಿ ನೋಡಿದರು. "ಛೇರ್ಮನ್ನರೇ, ಜಾಗ ಬೇಕಾದಷ್ಟಿದೆ. ಪೂರ್ತಿ ಕುಂತುಕೊಳ್ಳಿ."

ಪೂರ್ತಿ ಕುಂತ. ಕುಂತ ಕೂಡಲೇ ಬೆವೆತ. ಓಬಯ್ಯ ಕೇಳಿದ.

"ಗುಡ್ಡದ ಹಿಂದಿನ ದಾರಿ ಎರಡು ಫರ್ಲಾಂಗು ಅಂತ ಬರೆದಿದ್ದೀರಿ. ನೀವು ಅದರಲ್ಲಿ ನಡೆದಿದ್ದೀರಾ?"

"ನಡೆದಿಲ್ಲ."

"ಎಷ್ಟು ದೂರ ಇರಬಹುದು?"

ದೊಡ್ಡತಿಮ್ಮಪ್ಪ ಕಂಬಳಿಯ ಅಂಚು ನೋಡಿದ. "ಮೂರು ಮೈಲಿ ಆಗಬಹುದು. ಹಂಗೆ ನೋಡಿದ್ರೆ ದಾರಿ ಅನ್ನಾಕೂ ಬರಲ್ಲ."

"ನಿಮ್ಮ ತಂದೆಯವರು ಮಂದೆ ಯಾವ ಕಡೆಯಿಂದ ಹೊಡೀತಿದ್ದರು?"

"ಬೀದ್ಯಾಗೇ."

"ಬೀದಿಯಲ್ಲಿ ಕುರಿ ಬಂದಿದ್ದಕ್ಕೆ ಮಗಳ ಸಂಬಂಧ ಮುರಿದುಹೋಯಿತು ಅಂತ ಜವಾಬಿನಲ್ಲಿ ಹೇಳಿದ್ದೀರಿ. ಅದು ನಿಜವಾ?"

ದೊಡ್ಡತಿಮ್ಮಪ್ಪ ಕಂಬಳಿಯ ಮೇಲೆ ಹಿಂದೆ ಮುಂದೆ ಸರಿದ. ಟೆರಿಲಿನ್ ಅಂಗಿ ಬೆನ್ನಿಗೆ ಅಂಟಿತು. ಅವನ ವಕೀಲರು ಕಣ್ಣಲ್ಲೇ ಹೂಂ ಅನ್ನು ಅಂದರು. ಅವನು ನಾಗಕ್ಕನ ಕಡೆ ನೋಡಿದ, ಕಂಬಳಿ ಕಡೆ ನೋಡಿದ, ಕೊನೆಗೆ ಎರಡು ಕೈಯಲ್ಲಿ ತಲೆ ಹಿಡಿದುಕೊಂಡ.

"ಹಿಕ್ಕೆಯಿಂದ ಮುರೀಲಿಲ್ಲ ಸ್ವಾಮಿ. ಜಾರಿ ಬಿದ್ರೂ ಮೇಷ್ಟ್ರು ಏನೂ ಅಂದಿರಲಿಲ್ಲ. ಧೂಳು ಕೊಡವ್ಕಂತಿದ್ರು. ಆದ್ರೆ ಅವರು ಕಾಲು ಮೇಲೆ ಮಾಡಿ ಬಿದ್ದಿದ್ದು ನೋಡಿ... ನನಗೆ ನಗು ತಡೆಯಾಕೆ ಆಗ್ಲಿಲ್ಲ. ನಕ್ಕುಬಿಟ್ಟೆ. ಭಾಳ ಹೊತ್ತು ನಕ್ಕೆ. ಅದಕ್ಕೆ ಎದ್ದು ಹೋದ್ರು."

"ನೀನು ನಕ್ಕಿದ್ದಾ?" ಅಂತ ನಾಗಕ್ಕ ಬೆಂಚಿನಿಂದ ಎದ್ದೇಬಿಟ್ಟಳು. "ನಾನು ಒಳಗೆ ಕಾಫಿ ಸೋಸ್ತಿದ್ದೆ, ಬೀದ್ಯಾಗೆ ಹೋಗೋ ಹೆಂಗಸ್ರು ನಕ್ರು ಅಂದ್ಯಲ್ಲ! ಎಂಟು ತಿಂಗಳಿಂದ ಆ ಎದುರುಮನೆ ಕಾಟಮ್ಮನ ಜೊತೆ ಮಾತು ಬಿಟ್ಟಿದೀನಲ್ಲೋ ನಾನು!"

"ಅಮ್ಮಾ, ಕುಂತುಕೊಳ್ಳಿ" ಅಂದರು ನ್ಯಾಯಾಧೀಶರು, ಬಾಯಿಗೆ ಕರವಸ್ತ್ರ ಹಿಡಿದು.

"ನೀವು ಸುಮ್ನಿರ್ರಿ ಸ್ವಾಮಿ, ಇದು ಮನೆ ವಿಚಾರ" ಅಂದಳು ನಾಗಕ್ಕ.

ಹದಿನೈದು ದಿನ ಬಿಟ್ಟು ತೀರ್ಪು ಬಂತು. ಇಂಗ್ಲಿಷಿನಲ್ಲಿ ಹನ್ನೊಂದು ಪುಟ. ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಓಬಯ್ಯ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ. ಬೀದಿ ಪಂಚಾಯ್ತಿಯ ಅಪ್ಪನ ಮನೆಯದಲ್ಲ, ಜನರದ್ದು. ಬೀದಿ ಚೊಕ್ಕಟವಾಗಿಡಬೇಕು ಅನ್ನುವುದು ಪಂಚಾಯ್ತಿಗೆ ಸೇರಿದ ಕೆಲಸ, ಅದಕ್ಕೆ ಹೊತ್ತು ಗೊತ್ತು ಮಾಡಬಹುದು, ಶರತ್ತು ಹಾಕಬಹುದು. ಆದರೆ ಬೇರೆ ದಾರಿಯೇ ಇಲ್ಲದಾಗ ಇರುವ ಒಂದು ದಾರಿಯನ್ನು ಪೂರಾ ಮುಚ್ಚಿ, ಎಮ್ಮೆಗೆ ಬಿಟ್ಟು ಕುರಿಗೆ ಬಿಡದೆ, ಒಬ್ಬಳ ಕಸುಬನ್ನೇ ನಿಲ್ಲಿಸುವುದು ಕಟ್ಟುಪಾಡಲ್ಲ, ಅತಿರೇಕ. ಕುರಿ ಪ್ರಜೆಯಲ್ಲ ಅನ್ನುವುದು ನಿಜ, ಕುರಿಯವಳು ಪ್ರಜೆ. ಬೆಳಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ ವಾದಿ ತನ್ನ ಮಂದೆಯನ್ನು ಬೀದಿಯಲ್ಲಿ ಹೊಡೆಯಬಹುದು. ಮಂದೆ ದಾಟಿದ ಕೂಡಲೇ ಬಿದ್ದ ಹಿಕ್ಕೆಯನ್ನೆಲ್ಲ ವಾದಿಯೇ ಗುಡಿಸಿ ತೆಗೆಯಬೇಕು.

ಸಣ್ಣಪ್ಪ ಎಲ್ಲ ಕೇಳಿ, "ಹೂಂ" ಅಂದ. ಅವತ್ತಿನ ಹೂಂ ಬೇರೆ ಥರ ಇತ್ತು. ಕುರಿ ವ್ಯಾಪಾರಿ ಸಿಕ್ಕರೆ ಹೇಳಬೇಕು ಅಂತ ಬಸ್‌ಸ್ಟ್ಯಾಂಡಿನ ಕಡೆ ಓಡಿದ, ಚಪ್ಪಲಿ ಬೇವಿನ ಮರದ ಕೆಳಗೇ ಉಳಿಯಿತು.

ಮಾರನೇ ದಿನ ಬೆಳಗ್ಗೆ ಏಳಕ್ಕೆ ಕರೇಕಲ್ಲಹಟ್ಟಿಯ ಬೀದಿಯಲ್ಲಿ ಹೋತ ಮುಂದೆ, ಅದರ ಹಿಂದೆ ಕುರಿ, ಅದರ ಹಿಂದೆ ಕಾಳಕ್ಕ, ಕೈಯಲ್ಲಿ ಪೊರಕೆ, ಕಂಕುಳಲ್ಲಿ ಮಂಕರಿ. ಒಂದು ಹಿಕ್ಕೆ ಬಿಡದೆ ಗುಡಿಸಿ ಮಂಕರಿಗೆ ತುಂಬಿದಳು. ಸಂಜೆಯೂ ಗುಡಿಸಿದಳು. ತಿಂಗಳು ಕಳೆಯುವುದರೊಳಗೆ ಅವಳ ರೊಪ್ಪದ ಪಕ್ಕ ಎದೆಯೆತ್ತರ ತಿಪ್ಪೆ ಎದ್ದಿತು. ಅವಳ ಹಿತ್ತಲ ಹೀರೆ ಬಳ್ಳಿ ಸೂರಿನ ಮೇಲೆ ಹತ್ತಿ ಪಕ್ಕದವರ ಸೂರಿಗೂ ಹೋಯಿತು. ಎಂಟು ತಿಂಗಳಿಂದ ಹಿಕ್ಕೆ ಕಾಣದ ಬೀದಿಯ ಹೆಂಗಸರ ಹಿತ್ತಲುಗಳಲ್ಲಿ ಬದನೆ ಬಾಡಿತು, ಮೆಣಸಿನ ಗಿಡ ಎಲೆ ಮುದುರಿತು. ಆಗ ಒಬ್ಬೊಬ್ಬಳಿಗೇ ಹೊಳೆಯಿತು, ಇಷ್ಟು ವರ್ಷ ಬಾಗಿಲ ಮುಂದೆ ಪುಕ್ಕಟೆ ಬೀಳುತ್ತಿದ್ದ ಗೊಬ್ಬರ ಹೋಯಿತಲ್ಲ ಅಂತ. ಕಾಟಮ್ಮ ಬಂದು ನಯವಾಗಿ ಕೇಳಿದಳು. ಅವಳ ಹಿಂದೆ ಇನ್ನಿಬ್ಬರು ಬಂದರು. ಕಾಳಕ್ಕ ಗುಡಿಸುವುದನ್ನು ನಿಲ್ಲಿಸಲಿಲ್ಲ.

"ನಾನೇನು ಮಾಡ್ಲಿ ಕಣ್ರವ್ವ, ಕೋರ್ಟು ಹೇಳೈತೆ. ಬಿಟ್ರೆ ನನ್ನ ಮ್ಯಾಲೆ ಕೇಸು."

ಇನ್ನೊಂದು ವಾರಕ್ಕೆ ದೊಡ್ಡತಿಮ್ಮಪ್ಪನೇ ಬಂದ. ನಾಗಕ್ಕ ಮೂರು ದಿನದಿಂದ ಅವನಿಗೆ ಬರೀ ಉಪ್ಪುಸಾರು ಹಾಕುತ್ತಿದ್ದಳು, ಹಿತ್ತಲಲ್ಲಿ ತರಕಾರಿ ಇಲ್ಲ ಅಂತ. ಅವನು ಜಗುಲಿಯ ಕೊನೇ ಮೆಟ್ಟಿಲಿನವರೆಗೆ ಇಳಿದ, ಹೋತ ದಾಟಿ ಹೋಗಿದೆಯೋ ನೋಡಿಕೊಂಡ.

"ಕಾಳೀ, ಬೇರೆಯೋರದ್ದು ಏನಾದ್ರೂ ಮಾಡ್ಕ. ನಮ್ಮನೆ ಮುಂದೆ ಬಿದ್ದಿದ್ದು ಮಾತ್ರ ಗುಡಿಸಬ್ಯಾಡ ಕಣೆ. ನಿನಗೆ ಕೈ ಮುಗೀತೀನಿ."

ಕಾಳಕ್ಕ ಅವನ ಕೆಂಪು ಗಾರೆಯ ಮುಂದೆ ಬಗ್ಗಿ, ಅಲ್ಲಿದ್ದದ್ದನ್ನೆಲ್ಲ ಚೊಕ್ಕವಾಗಿ ಒಟ್ಟು ಮಾಡಿ ಮಂಕರಿಗೆ ಹಾಕಿಕೊಂಡಳು. ಸೊಂಟ ನೆಟ್ಟಗೆ ಮಾಡಿದಳು.

"ಆರ್ಡರ್ ಐತಲ್ಲ ಬಾವ, ನಾನು ಮೀರಂಗಿಲ್ಲ. ನಿನಗೆ ಅನ್ಯಾಯ ಆಗೈತೆ ಅನ್ನಿಸಿದ್ರೆ ಒಂದು ದಾವಾ ಹಾಕು. ಓಬಯ್ಯ ಅಂತ ಒಬ್ಬ ಲಾಯರಪ್ಪ ಅವ್ನೆ, ಸೈಕಲ್ ಶಾಪಿನ ಮ್ಯಾಲೆ, ಒಳ್ಳೆ ಹುಡುಗ."